ಮಗು ‘ರೈಟ್ ಬ್ರೇನ್’ ಅಂತ ಸ್ಕೂಲ್ ಬಿಡಿಸಬೇಕಾ?

ಬೆಳಗ್ಗೆ ಮಂಡ್ಯದಿಂದ ಬೆಂಗಳೂರಿಗೆ ಹೋಗೋ ಟ್ರೈನಲ್ಲಿ ನಿಂತ್ಕೊಂಡೇ ಕೇಳ್ತಾ ಇರೋರಿಗೆ, ಕೇಳೋಕೆ ಆಗದೆ ಇಲ್ಲಿ ಓದ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ನಮ್ಮ ಕೇಳುಗರಲ್ಲಿ ಬಹಳ ಜನಕ್ಕೆ ಇನ್ನೂ ಮದುವೆನೇ ಆಗಿಲ್ಲ, ಮಕ್ಕಳ ಸ್ಕೂಲ್ ವಿಷಯ ನಮಗ್ಯಾಕೆ ಅಂತ ಕೇಳಬಹುದು. ಅಕ್ಕನ ಮಗನೋ, ಅಣ್ಣನ ಮಗಳೋ ಇರ್ತಾರಲ್ಲ. ಮೊಬೈಲ್‌ನಲ್ಲಿ ಬಂದ ವಿಡಿಯೋ ನಿಜಾನಾ ಸುಳ್ಳಾ ಅಂತ ಮನೆಯವರು ಮೊದಲು ಕೇಳೋದೇ ನಿಮ್ಮನ್ನ.

ಮಳವಳ್ಳಿ ಕಡೆಯಿಂದ ಒಬ್ಬರು ಅಕ್ಕ ವಾಯ್ಸ್ ನೋಟ್ ಕಳಿಸಿದ್ದರು. ಮಗ ಮೂರನೇ ಕ್ಲಾಸ್. ಅವರ ಮಾತಲ್ಲೇ ಹೇಳೋದಾದರೆ: “ಸ್ಕೂಲಲ್ಲಿ ಇವ್ನಿಗೆ ಬರಿಯಕ್ಕೆ ಬರಕಿಲ್ಲ ಅಂತಾರೆ. ಮನೇಲಿ ನೋಡುದ್ರೆ ಗೋಡೆ ತುಂಬ ಚಿತ್ರ. ಟ್ರ್ಯಾಕ್ಟ್ರು ಬರುದ್ರೆ ಟೈರಿನ್ ಗೆರೆನೂ ಬುಡಕಿಲ್ಲ.” ಒಂದು ಶಿಬಿರದಲ್ಲಿ ಯಾರೋ ಹುಡುಗನ ಹತ್ತೂ ಬೆರಳಿನ ಗುರುತು ಸ್ಕ್ಯಾನ್ ಮಾಡಿ, ಕೆಲವು ಸಾವಿರ ರೂಪಾಯಿ ತಗೊಂಡು, ಬಣ್ಣಬಣ್ಣದ ರಿಪೋರ್ಟ್ ಕೊಟ್ಟಿದ್ದಾರೆ. ಅದರಲ್ಲಿ, ಇವನು ‘ರೈಟ್ ಬ್ರೇನ್’ ಮಗು, ನೋಡಿ ಕಲಿಯೋನು, ಮಾಮೂಲಿ ಸ್ಕೂಲ್ ಇವನಿಗೆ ಒಗ್ಗಲ್ಲ ಅಂತ ಇದೆ. ಅದಾದ ಮೇಲೆ ಅಕ್ಕ ಯೂಟ್ಯೂಬಲ್ಲಿ ಹೋಮ್‌ಸ್ಕೂಲಿಂಗ್ ವಿಡಿಯೋ ನೋಡೋಕೆ ಶುರು ಮಾಡಿದ್ದಾರೆ. “ಸ್ಕೂಲ್ ಬುಡಿಸ್ಬುಟ್ಟು ಮನೇಲೇ ಕಲುಸ್ಲಾ, ಏನ್ ಮಾಡ್ಲಿ ಹೇಳಪ್ಪ?” ಇದು ಅವರ ಪ್ರಶ್ನೆ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ, ಟೀಚರ್ ಅಲ್ಲ. ಆದರೆ ದುಡ್ಡು ಕೊಟ್ಟು ತಗೊಂಡ ರಿಪೋರ್ಟ್ ಒಂದು ಮಗುವಿನ ಮುಂದಿನ ಹತ್ತು ವರ್ಷವನ್ನ ನಿರ್ಧಾರ ಮಾಡುತ್ತೆ ಅಂದರೆ, ಆ ರಿಪೋರ್ಟನ್ನ ಆಡಿಟ್ ಮಾಡಬೇಕಾಗುತ್ತೆ.

ಮೊದಲು ಈ ಎಡ ಮೆದುಳು, ಬಲ ಮೆದುಳು ಕಥೆ ಎಲ್ಲಿಂದ ಬಂತು ನೋಡೋಣ. ಇದು ಪೂರ್ತಿ ಕಟ್ಟುಕಥೆ ಅಲ್ಲ. ನಮ್ಮ ಮೆದುಳಿಗೆ ಎರಡು ಅರ್ಧ ಇವೆ, ಅವೆರಡನ್ನೂ ಸೇರಿಸೋ ನರತಂತುಗಳ ದೊಡ್ಡ ಕಟ್ಟು ಮಧ್ಯದಲ್ಲಿದೆ. 1960ರ ದಶಕದಲ್ಲಿ ಅಮೆರಿಕದಲ್ಲಿ, ಯಾವ ಔಷಧಿಗೂ ಬಗ್ಗದ ಮೂರ್ಛೆರೋಗ ಇದ್ದ ಕೆಲವರಿಗೆ ಆಪರೇಷನ್ ಮಾಡಿ ಆ ಕಟ್ಟನ್ನ ಕತ್ತರಿಸ್ತಿದ್ದರು. ರೋಜರ್ ಸ್ಪೆರಿ ಅನ್ನೋ ವಿಜ್ಞಾನಿ, ಮೈಕೆಲ್ ಗಜಾನಿಗಾ ಜೊತೆ ಸೇರಿ ಅಂಥವರನ್ನ ಪರೀಕ್ಷೆ ಮಾಡಿದರು. ನೋಟದ ಬಲಭಾಗದಲ್ಲಿ ಒಂದು ಪದ ತೋರಿಸಿದರೆ ಅವರು ಬಾಯಲ್ಲಿ ಹೇಳ್ತಿದ್ದರು. ಎಡಭಾಗದಲ್ಲಿ ತೋರಿಸಿದರೆ ‘ಏನೂ ಕಾಣಲಿಲ್ಲ’ ಅಂತಿದ್ದರು, ಆದರೆ ಎಡಗೈ ಮಾತ್ರ ಸರಿಯಾದ ವಸ್ತುವನ್ನ ಹುಡುಕಿ ಎತ್ತಿಕೊಳ್ತಿತ್ತು. ಹೆಚ್ಚಿನವರಲ್ಲಿ ಮಾತಿನ ಕೆಲಸ ಮುಖ್ಯವಾಗಿ ಎಡ ಅರ್ಧದಲ್ಲಿ ನಡೆಯುತ್ತೆ ಅನ್ನೋದು ಇದರಿಂದ ಸ್ಪಷ್ಟ ಆಯ್ತು. 1981ರಲ್ಲಿ ಸ್ಪೆರಿಗೆ ನೊಬೆಲ್ ಬಂತು.

ವಿಜ್ಞಾನ ಇಷ್ಟು. ಸಂಪರ್ಕ ಕಡಿದುಹೋದ ಮೆದುಳಿನ ಬಗ್ಗೆ ಇದ್ದ ಮಾತನ್ನ ಎಲ್ಲರ ಮೆದುಳಿಗೂ ಅಂಟಿಸಿದ್ದು ಆಮೇಲೆ ಬಂದ ಪುಸ್ತಕ, ಕೋರ್ಸ್, ಟ್ರೇನಿಂಗ್‌ಗಳು. ಎಡಗಡೆಯವರು ಲೆಕ್ಕದವರು, ಬಲಗಡೆಯವರು ಕಲೆಯವರು ಅಂತ ಮನುಷ್ಯರನ್ನೇ ಎರಡು ಪಾರ್ಟಿ ಮಾಡಿಬಿಟ್ಟರು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನ್‌ಗಳನ್ನ ನೋಡಿದರು. ಕೆಲವು ಕೆಲಸಗಳು ಒಂದೊಂದು ಬದಿಯಲ್ಲಿ ಹೆಚ್ಚು ನಡೆಯೋದು ಕಂಡಿತು. ಆದರೆ ಇಡೀ ಬಲಭಾಗವೇ ಜೋರಾಗಿರೋ ಮನುಷ್ಯ, ಇಡೀ ಎಡಭಾಗವೇ ಜೋರಾಗಿರೋ ಮನುಷ್ಯ ಅನ್ನೋ ಜಾತಿ ಸಿಗಲಿಲ್ಲ.

ನಮ್ಮೂರಿನ ಉದಾಹರಣೆ ಬೇಕಾ? ಕಂಸಾಳೆಯವರನ್ನ ನೋಡಿ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ತಾಳ, ಬಾಯಲ್ಲಿ ಮಾದಪ್ಪನ ಕಥೆ. ರಾತ್ರಿಯಿಡೀ ಹಾಡೋ ಕಥೆಯ ಸಾಲುಗಳು ನೆನಪಿರಬೇಕು, ತಾಳ ತಪ್ಪಬಾರದು, ಕುಣಿಯುವಾಗ ಪಕ್ಕದವನ ಹೆಜ್ಜೆಗೆ ಹೆಜ್ಜೆ ಕೂಡಬೇಕು. ಮಾತು, ಲಯ, ಜಾಗದ ಅಂದಾಜು, ಕೈಚಳಕ ಎಲ್ಲ ಒಟ್ಟಿಗೆ. ಇವರು ಯಾವ ಬ್ರೇನ್ ಅಂತೀರಾ? ಚಿತ್ರ ಬರೆಯೋ ಹುಡುಗನಿಗೂ ಅಷ್ಟೇ, ಎರಡೂ ಅರ್ಧ ಕೆಲಸ ಮಾಡ್ತಾನೇ ಇರುತ್ತೆ.

ಇನ್ನು ಬೆರಳಚ್ಚಿನ ವಿಷಯ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿದ್ದಾಗಲೇ ಮೂಡಿ, ಸಾಯೋವರೆಗೂ ಹಾಗೇ ಇರುತ್ತವೆ. ಅದಕ್ಕೇ ಪೊಲೀಸರಿಗೂ ಆಧಾರ್‌ಗೂ ಅದು ಉಪಯೋಗಕ್ಕೆ ಬರೋದು. ಮೆದುಳು ಇದಕ್ಕೆ ಪೂರ್ತಿ ಉಲ್ಟಾ. ಮಗು ಹೊಸದಾಗಿ ಒಂದು ಅಕ್ಷರ ಕಲಿತರೂ ಅದರಲ್ಲಿ ಬದಲಾವಣೆ ಆಗುತ್ತೆ. ಬದಲಾಗದ ಗೆರೆ ನೋಡಿ ಬದಲಾಗೋ ಮೆದುಳಿನ ಭವಿಷ್ಯ ಹೇಳೋದು ಗಿಣಿಶಾಸ್ತ್ರಕ್ಕೆ ಲ್ಯಾಪ್‌ಟಾಪ್ ಕೊಟ್ಟ ಹಾಗೆ. ಕೆಲವು ವರ್ಷದ ಹಿಂದೆ ‘ಮಿಡ್‌ಬ್ರೇನ್ ಆಕ್ಟಿವೇಷನ್’ ಅಂತ ಬಂದಿತ್ತು ನೆನಪಿದೆಯಾ? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಓದ್ತಾರೆ ಅಂತ. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡ್ತಾರೆ ಅಷ್ಟೇ ಅಂತ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರಲ್ಲಿ ತೋರಿಸಿಕೊಟ್ಟರು. ಅಂಗಡಿ ಬೋರ್ಡ್ ಬದಲಾಗುತ್ತೆ, ಗಿರಾಕಿ ಮಾತ್ರ ಅದೇ ಅಪ್ಪ ಅಮ್ಮ.

ಸರಿ, ಆದರೆ ‘ನೋಡಿ ಕಲಿಯೋನು, ಕೇಳಿ ಕಲಿಯೋನು, ಮಾಡಿ ಕಲಿಯೋನು’ ಅನ್ನೋದು? ಇದನ್ನ ಎಷ್ಟೋ ಟೀಚರ್‌ಗಳೂ ನಂಬ್ತಾರೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಸೇರಿ ನಾಲ್ಕು ಜನ ಮನೋವಿಜ್ಞಾನಿಗಳು ಇದರ ಬಗ್ಗೆ ಆವರೆಗೆ ಆಗಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅವರು ಕೇಳಿದ್ದು ನೇರ ಪ್ರಶ್ನೆ: ಮಕ್ಕಳನ್ನ ಅವರವರ ಶೈಲಿಗೆ ಹೊಂದೋ ಹಾಗೆ ಕಲಿಸಿದಾಗ, ಹೊಂದದ ಹಾಗೆ ಕಲಿಸಿದ್ದಕ್ಕಿಂತ ಜಾಸ್ತಿ ಕಲಿತಾರಾ? ಹೌದು ಅನ್ನೋಕೆ ಬೇಕಾದಷ್ಟು ಪುರಾವೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟ ಅನ್ನೋದು ಇರುತ್ತೆ, ಅದು ನಿಜ. ಆದರೆ ಹೇಗೆ ಕಲಿಸಬೇಕು ಅನ್ನೋದನ್ನ ಹೆಚ್ಚಾಗಿ ತೀರ್ಮಾನ ಮಾಡೋದು ವಿಷಯ, ಮಗುವಿನ ‘ಟೈಪ್’ ಅಲ್ಲ. ‘ಅಲ್ಪಪ್ರಾಣ ಮಹಾಪ್ರಾಣ’ ವ್ಯತ್ಯಾಸವನ್ನ ಯಾವ ಮಗುವಾದರೂ ಕಿವಿಯಿಂದಲೇ ಹಿಡೀಬೇಕು. ಕರ್ನಾಟಕದ ನಕ್ಷೆಯನ್ನ ಕಣ್ಣಿಂದಲೇ ನೋಡಬೇಕು. ಈಜೋದನ್ನ ನೀರಿಗೆ ಇಳಿದೇ ಕಲಿಬೇಕು, ವಿ.ಸಿ. ನಾಲೆ ಏರಿ ಮೇಲೆ ಕೂತು ಯೂಟ್ಯೂಬ್ ನೋಡಿದರೆ ಬರಲ್ಲ. (ನಾಲೆಗೆ ಮಾತ್ರ ಇಳಿಸಬೇಡಿ, ಪ್ಲೀಸ್.)

ಹಾಗಾದರೆ ಆ ರಿಪೋರ್ಟ್ ಬರೀ ದಂಡದ ದುಡ್ಡು, ಹೋಗಲಿ ಬಿಡಿ ಅನ್ನಬಹುದಾ? ನನಗೆ ಭಯ ಆಗೋದು ಇಲ್ಲೇ. ದುಡ್ಡು ಹೋದರೆ ಮತ್ತೆ ದುಡೀಬಹುದು. ‘ಇವನು ಬಲ ಮೆದುಳಿನವನು, ಬರೆಯೋಕೆ ಬರಲ್ಲ’ ಅಂತ ಒಂದು ಸಲ ಒಪ್ಪಿಕೊಂಡುಬಿಟ್ಟರೆ, ಯಾಕೆ ಬರಲ್ಲ ಅಂತ ಹುಡುಕೋದನ್ನ ಮನೆಯವರು ನಿಲ್ಲಿಸಿಬಿಡ್ತಾರೆ. ಮೂರನೇ ಕ್ಲಾಸ್ ಹುಡುಗ ಬರೆಯೋದರಲ್ಲಿ ಹಿಂದೆ ಇದ್ದಾನೆ ಅಂದರೆ ಕಾರಣ ನಾಲ್ಕೈದು ಇರಬಹುದು, ಒಂದೊಂದಕ್ಕೂ ದಾರಿ ಬೇರೆ.

ಒಂದು ಕಾರಣ ತುಂಬಾ ಸಾಮಾನ್ಯ, ಯಾರೂ ಹೇಳಲ್ಲ. ಕನ್ನಡ ಅಕ್ಷರ ಕಲಿಯೋಕೆ ಟೈಮ್ ಬೇಕು. ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ. ಕಾಗುಣಿತ ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದೋ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣೋದು: ಇಂಗ್ಲಿಷ್‌ನ 26 ಅಕ್ಷರದ ಲೆಕ್ಕದಲ್ಲಿ ಕನ್ನಡವನ್ನ ಅಳೆಯೋಕೆ ಆಗಲ್ಲ, ನಾಲ್ಕನೇ ಕ್ಲಾಸ್‌ವರೆಗೂ ಮಕ್ಕಳು ಅಕ್ಷರಗಳ ಮೇಲೆ ಹಿಡಿತ ಸಾಧಿಸ್ತಾನೇ ಇರ್ತಾರೆ. ಹಾಗಾಗಿ ಮೂರನೇ ಕ್ಲಾಸಲ್ಲಿ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಬರೆಯುವಾಗ ಮಗು ತಡವರಿಸಿತು ಅಂದ ತಕ್ಷಣ ಅದು ಕಾಯಿಲೆನೂ ಅಲ್ಲ, ವಿಶೇಷ ಪ್ರತಿಭೆನೂ ಅಲ್ಲ. ಕಲೀತಾ ಇದೆ ಅಷ್ಟೇ.

ಎರಡನೇದು ಕಣ್ಣು, ಕಿವಿ. ಬೋರ್ಡ್ ಮಂಜಾಗಿ ಕಾಣೋ ಮಗು ‘ನಂಗೆ ಕಾಣ್ತಿಲ್ಲ’ ಅಂತ ಹೇಳಲ್ಲ, ಎಲ್ಲರಿಗೂ ಹಂಗೇ ಕಾಣುತ್ತೆ ಅಂದ್ಕೊಂಡಿರುತ್ತೆ. ಹತ್ತಿರ ಇಟ್ಕೊಂಡು ಮಾಡೋ ಚಿತ್ರ ಮಾತ್ರ ಚೆನ್ನಾಗಿ ಬರುತ್ತೆ.

ಮೂರನೇದು ಡಿಸ್ಲೆಕ್ಸಿಯಾ ತರದ ಕಲಿಕಾ ತೊಂದರೆ. ‘ತಾರೆ ಜಮೀನ್ ಪರ್’ ಸಿನಿಮಾ ನೋಡಿರ್ತೀರಿ, 2007ರದ್ದು. ಅದರಲ್ಲಿ ಹುಡುಗ ಅದ್ಭುತವಾಗಿ ಚಿತ್ರ ಬರೀತಾನೆ, ಅದರಿಂದ ‘ಚಿತ್ರ ಬಂದರೆ ಡಿಸ್ಲೆಕ್ಸಿಯಾ, ಡಿಸ್ಲೆಕ್ಸಿಯಾ ಬಂದರೆ ಚಿತ್ರ’ ಅಂತ ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಹಾಗೇನಿಲ್ಲ. ಗಮನಿಸಬೇಕಾದ್ದು ಬೇರೆ. ಬಾಯಲ್ಲಿ ಕೇಳಿದರೆ ಪೂರ್ತಿ ಉತ್ತರ ಹೇಳುತ್ತೆ, ಅದೇ ಉತ್ತರ ಪೇಪರ್ ಮೇಲೆ ಬರಲ್ಲ. ಒಂದೇ ಪದವನ್ನ ಮೇಲಿನ ಸಾಲಲ್ಲಿ ಒಂದು ತರ, ಕೆಳಗಿನ ಸಾಲಲ್ಲಿ ಇನ್ನೊಂದು ತರ ಓದುತ್ತೆ. ಜೊತೆಯ ಮಕ್ಕಳು ಮುಂದೆ ಹೋದರೂ, ಎಷ್ಟು ಅಭ್ಯಾಸ ಮಾಡಿಸಿದರೂ, ವರ್ಷ ಕಳೆದರೂ ಓದೋದು ಒಂದೊಂದೇ ಅಕ್ಷರ ಕೂಡಿಸಿ. ಹೀಗಿದ್ದರೆ ತಜ್ಞರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಮಂಡ್ಯದಿಂದ ಮೈಸೂರು ಬಸ್ಸಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಸರಿಯಾದ ಸರ್ಟಿಫಿಕೇಟ್ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ‘ರೈಟ್ ಬ್ರೇನ್’ ರಿಪೋರ್ಟ್ ತೋರಿಸಿದರೆ ಐದು ನಿಮಿಷವೂ ಜಾಸ್ತಿ ಕೊಡಲ್ಲ.

ಇನ್ನೂ ಒಂದು ಕಾರಣ ಇರಬಹುದು: ಆ ಮಗುವಿಗೆ ಆ ಕ್ಲಾಸೇ ಸರಿ ಇಲ್ಲದಿರಬಹುದು. ಬೋರ್ಡಿಂದ ಕಾಪಿ ಮಾಡಿಸೋದೇ ಪಾಠ ಆಗಿದ್ದರೆ, ತಪ್ಪು ಬರೆದರೆ ಏಟು ಬೀಳ್ತಿದ್ದರೆ, ಮಗು ಪೆನ್ಸಿಲ್ ಕಂಡರೆ ಹೆದರುತ್ತೆ. ಆಗ ಮನೆಪಾಠದ ಯೋಚನೆ ಬರೋದು ತಪ್ಪಲ್ಲ. ಆದರೆ ಆಗಲೂ ತೊಂದರೆ ಇರೋದು ಆ ಕ್ಲಾಸಲ್ಲಿ, ಮಗುವಿನ ತಲೆಬುರುಡೆಯ ಬಲಗಡೆ ಅಲ್ಲ.

ಮನೆಪಾಠ ಅಂದರೆ ಅಮೆರಿಕದ ಫ್ಯಾಷನ್ ಅಂತ ಅಂದ್ಕೋಬೇಡಿ. ಕನ್ನಡದಲ್ಲೇ ಇದರ ದೊಡ್ಡ ಕಥೆ ಒಂದಿದೆ, ಪುತ್ತೂರಿಂದು. ಶಿವರಾಮ ಕಾರಂತರನ್ನ ನಾವು ಕಾದಂಬರಿಕಾರ ಅಂತ, ಜ್ಞಾನಪೀಠ ಅಂತ ಕ್ವಿಜ್‌ಗೆ ಓದಿಕೊಂಡಿರ್ತೀವಿ. ಮಕ್ಕಳು ಹೇಗೆ ಕಲಿತಾರೆ ಅನ್ನೋದರ ಬಗ್ಗೆ ಅವರಿಗೆ ಒಂದು ತರ ಹಟನೇ ಇತ್ತು. 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ ಅನ್ನೋ ಮೂರು ಸಂಪುಟದ ವಿಶ್ವಕೋಶ ಬರೆದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆ ಬಗ್ಗೆ ಪ್ರಯೋಗ ಮಾಡಿದರು. ತಮ್ಮ ಮಕ್ಕಳಿಗೂ ಚಿಕ್ಕಂದಿನಲ್ಲಿ ಮಾಮೂಲಿ ಸ್ಕೂಲ್ ಬದಲು ಮನೆಯಲ್ಲೇ ಕಲಿಕೆ. ಆ ಮಕ್ಕಳೇ ಮೂವರು ಸೇರಿ 2021ರಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಅಂತ ಇಂಗ್ಲಿಷಲ್ಲಿ ಪುಸ್ತಕ ತಂದಿದ್ದಾರೆ.

ಆ ಮಕ್ಕಳು ಏನಾದರು ನೋಡಿ. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಆಮೇಲೆ ಹುಲಿಗಳ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾದರು. ಕಾಡಲ್ಲಿ ಹುಲಿ ಎಣಿಸೋಕೆ ಕ್ಯಾಮೆರಾ ಟ್ರ್ಯಾಪ್ ಮತ್ತು ಸಂಖ್ಯಾಶಾಸ್ತ್ರ ಎರಡನ್ನೂ ಸೇರಿಸಿದವರು. ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿ ಮಕ್ಕಳ ಮನಸ್ಸಿನ ಬಗ್ಗೆಯೇ ಕೆಲಸ ಮಾಡಿದರು. ಕಲೆಯ ಮನೆಯಲ್ಲಿ, ಯಕ್ಷಗಾನದ ಮಧ್ಯೆ ಬೆಳೆದ ಹುಡುಗನೊಬ್ಬ ಇಂಜಿನಿಯರಿಂಗ್‌ಗೆ ಹೋಗಿ ಕಾಡಿಗೆ ಬಂದ. ಐದು ವರ್ಷದ ವಯಸ್ಸಲ್ಲಿ ಬೆರಳಚ್ಚು ತಗೊಂಡು ‘ಇವನಿಗೆ ಲೆಕ್ಕ ಬೇಡ, ಬಣ್ಣ ಕೊಡಿ’ ಅಂದಿದ್ದರೆ?

ಈ ಕಥೆ ಕೇಳಿ ‘ನಾವೂ ಮಾಡೋಣ’ ಅನ್ನಿಸುತ್ತೆ. ಸ್ವಲ್ಪ ತಡೀರಿ. ಆ ಮನೆಯಲ್ಲಿ ಒಂದು ವಿಶ್ವಕೋಶವನ್ನ ಒಬ್ಬರೇ ಕೂತು ಬರೆಯೋ ಅಪ್ಪ ಇದ್ದರು. ನಮ್ಮ ಮನೆಗಳಲ್ಲಿ ಅಪ್ಪ ಬೆಳಗ್ಗೆ ಐದೂವರೆಗೆ ಗಾರ್ಮೆಂಟ್ಸ್ ಬಸ್ಸೋ, ಹಾಲಿನ ಡೇರಿಯೋ ಅಂತ ಓಡ್ತಾರೆ, ಅಮ್ಮನೂ ಓಡ್ತಾರೆ. ಮನೆಪಾಠ ಗೆದ್ದ ಕಥೆಗಳು ನಮಗೆ ಕೇಳಿಸುತ್ತವೆ. ಒಂದು ವರ್ಷ ಮಾಡಿ ಕೈಚೆಲ್ಲಿದವರು ವಿಡಿಯೋ ಮಾಡಿ ಹಾಕಲ್ಲ.

ಒಂದರ್ಥದಲ್ಲಿ ನಾವೆಲ್ಲರೂ ಮನೆಪಾಠದ ರುಚಿ ನೋಡಿದವರೇ. 2020ರಲ್ಲಿ ಸ್ಕೂಲ್ ಮುಚ್ಚಿದಾಗ ಚಂದನದಲ್ಲಿ ‘ಸೇತುಬಂಧ’ ಪಾಠ ಬರ್ತಿತ್ತು. ‘ವಿದ್ಯಾಗಮ’ದಲ್ಲಿ ಮೇಷ್ಟ್ರುಗಳು ಊರಿಗೇ ಬಂದು ದೇವಸ್ಥಾನದ ಜಗುಲಿ, ಅರಳಿಕಟ್ಟೆ ಮೇಲೆ ಮಕ್ಕಳನ್ನ ಕೂರಿಸಿಕೊಂಡು ಪಾಠ ಮಾಡಿದರು. ಓದಿದ ಅಪ್ಪ ಅಮ್ಮ, ಒಂದು ಸ್ಮಾರ್ಟ್‌ಫೋನ್, ಕೂರೋಕೆ ಒಂದು ಜಾಗ ಇದ್ದ ಮನೆಯ ಮಕ್ಕಳು ಹೇಗೋ ದಡ ಸೇರಿದರು. ಉಳಿದವರು ಎಷ್ಟು ಹಿಂದೆ ಬಿದ್ದರು ಅನ್ನೋದನ್ನ ನಿಮ್ಮೂರಿನ ಯಾವ ಟೀಚರನ್ನ ಕೇಳಿದರೂ ಹೇಳ್ತಾರೆ.

ಈಗ ನನ್ನ ಏರಿಯಾಗೆ ಬರ್ತೀನಿ, ಖರ್ಚು. ಹೋಮ್‌ಸ್ಕೂಲ್ ಮಾಡಿದರೆ ಫೀಸ್ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ಒಂದು ಉದಾಹರಣೆ ಹಾಕ್ಕೊಳೋಣ. ಖಾಸಗಿ ಸ್ಕೂಲಿಗೆ ಫೀಸು, ವ್ಯಾನು ಎಲ್ಲ ಸೇರಿ ವರ್ಷಕ್ಕೆ 50 ಸಾವಿರ ಅಂತಿಟ್ಕೊಳಿ. ಮನೆಪಾಠಕ್ಕೆ ಅಂತ ತಿಂಗಳಿಗೆ 18 ಸಾವಿರ ಸಂಬಳದ ಕೆಲಸ ಒಬ್ಬರು ಬಿಟ್ಟರೆ ವರ್ಷಕ್ಕೆ ಹೋಗೋದು 2,16,000. ಪಿಎಫ್ ಬೇರೆ. ಎಂಟು ವರ್ಷದ ನಂತರ ಅದೇ ಕೆಲಸಕ್ಕೆ ವಾಪಸ್ ಹೋಗೋದು ಎಷ್ಟು ಕಷ್ಟ ಅನ್ನೋದನ್ನ ಯಾವ ಎಕ್ಸೆಲ್ ಶೀಟಲ್ಲೂ ಹಾಕೋಕಾಗಲ್ಲ. ಕೆಲಸ ಬಿಡೋದು ಯಾರು ಅಂತ ಕೇಳೋದೂ ಬೇಡ, ಹತ್ತಕ್ಕೆ ಒಂಬತ್ತು ಮನೆಯಲ್ಲಿ ಅಮ್ಮನೇ. ಸರ್ಕಾರಿ ಸ್ಕೂಲ್ ಬಿಡಿಸೋದಾದರೆ ಲೆಕ್ಕ ಇನ್ನೂ ಬೇರೆ. ಪುಸ್ತಕ, ಯೂನಿಫಾರ್ಮ್, ಬಿಸಿಯೂಟ, 2013ರಿಂದ ಬರ್ತಿರೋ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಸ್ಕೂಲಿಗೇ ಬಂದು ಮಾಡೋ ಆರೋಗ್ಯ ತಪಾಸಣೆ, ಪ್ರತಿಭಾ ಕಾರಂಜಿ. ಇದೆಲ್ಲ ಸ್ಕೂಲಿನ ಬಾಗಿಲಲ್ಲೇ ಸಿಗೋದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಸಿಗಲ್ಲ.

ಕಾನೂನು ಏನು ಹೇಳುತ್ತೆ? ಇಲ್ಲಿ ಯೂಟ್ಯೂಬಲ್ಲಿ ಎರಡು ತರದ ಸುಳ್ಳಿದೆ. ‘ಪೂರ್ತಿ ಲೀಗಲ್’ ಅನ್ನೋದು ಒಂದು, ‘ಜೈಲಿಗೆ ಹಾಕ್ತಾರೆ’ ಅನ್ನೋದು ಇನ್ನೊಂದು. 2009ರ ಶಿಕ್ಷಣ ಹಕ್ಕು ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನ ಸ್ಕೂಲಿಗೆ ಸೇರಿಸೋದು ಪೋಷಕರ ಕರ್ತವ್ಯ ಅನ್ನುತ್ತೆ ಅದರ 10ನೇ ಸೆಕ್ಷನ್. ಸೇರಿಸದ ಪೋಷಕರಿಗೆ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಇಲ್ಲ. ಮನೆಪಾಠವನ್ನ ಒಪ್ಪಿ ಅದಕ್ಕೊಂದು ವ್ಯವಸ್ಥೆ ಮಾಡಿರೋದೂ ಅದರಲ್ಲಿ ಇಲ್ಲ. 2012ರಲ್ಲಿ ದೆಹಲಿ ಹೈಕೋರ್ಟಿನ ಒಂದು ಕೇಸಲ್ಲಿ ಕೇಂದ್ರ ಸರ್ಕಾರ, ಮನೆಪಾಠ ಆರಿಸಿಕೊಂಡವರಿಗೆ ಈ ಕಾಯ್ದೆ ಅಡ್ಡ ಬರಲ್ಲ ಅನ್ನೋ ಅರ್ಥದ ಅಫಿಡವಿಟ್ ಕೊಟ್ಟು, ಆಮೇಲೆ ಆ ಮಾತಿಂದ ಹಿಂದೆ ಸರಿಯಿತು. ಅಂದರೆ ಬೂದು ಬಣ್ಣದ ಜಾಗ. ಬೆಂಗಳೂರಲ್ಲಿ ಮನೆಪಾಠ ಮಾಡೋ ಕುಟುಂಬಗಳು ಗುಂಪು ಕಟ್ಟಿಕೊಂಡಿದ್ದಾರೆ, ಅವರಿಗೆ ಒಬ್ಬರಿಗೊಬ್ಬರು ಸಿಗ್ತಾರೆ. ಮಳವಳ್ಳಿಯ ಹಳ್ಳಿಯಲ್ಲಿ ಒಂದೇ ಮನೆ ಹೀಗೆ ಮಾಡಿದರೆ, ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದವರು ಆ ಮಗುವಿನ ಹೆಸರನ್ನೂ ಬರ್ಕೊಂಡು ಹೋಗ್ತಾರೆ. ಅವರು ಮಾಡ್ತಿರೋದು ತಪ್ಪೂ ಅಲ್ಲ. ಆಲೆಮನೆಯಲ್ಲಿ ದುಡಿಯೋ ಮಗುವನ್ನ ಹುಡುಕೋದೂ ಅದೇ ಸಮೀಕ್ಷೆಯಿಂದ.

ಒಳ್ಳೆಯ ಸುದ್ದಿ ಅಂದರೆ ವಾಪಸ್ ಬರೋ ದಾರಿ ತೆರೆದಿದೆ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮಧ್ಯದಲ್ಲಿ ಬಂದ ಮಗುವನ್ನ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು.

ಇಷ್ಟೆಲ್ಲ ಹೇಳಿ ‘ಹಾಗಾದರೆ ಸ್ಕೂಲಿಗೆ ಕಳಿಸಿ ಸುಮ್ಮನಿರಿ’ ಅಂತ ನಾನು ಹೇಳ್ತಿಲ್ಲ. ಆ ಹುಡುಗನಿಗೆ ಚಿತ್ರ ಬರುತ್ತೆ ಅನ್ನೋದು ದೊಡ್ಡ ಆಸ್ತಿ. ಅದನ್ನ ಬರವಣಿಗೆಗೆ ಸೇತುವೆ ಮಾಡ್ಕೋಬೇಕು. ಇದಕ್ಕೆ ಸ್ಕೂಲ್ ಬಿಡಿಸಬೇಕಿಲ್ಲ, ಸಂಜೆ ಮುಕ್ಕಾಲು ಗಂಟೆ, ಭಾನುವಾರ ಅರ್ಧ ದಿನ ಸಾಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಸಾಮಾನು ಎಷ್ಟಿದೆ ಅಂದರೆ, ಬೆಂಗಳೂರಿನ ದುಬಾರಿ ಸ್ಕೂಲ್‌ಗಳು ಬಸ್ ಮಾಡ್ಕೊಂಡು ಬರ್ತಾವೆ.

ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರನ್ನೇ ತಗೊಳಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರ ಮಧ್ಯದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೊಸ ವರ್ಷ ಕಳೆದ ಮೇಲೆ ಒಂದು ಭಾನುವಾರ ಮಗುವನ್ನ ಕರ್ಕೊಂಡು ಹೋಗಿ. ಮೊದಲು ಚಿತ್ರ ಬರೀಲಿ, ಏನೂ ಹೇಳಬೇಡಿ. ಆಮೇಲೆ ಚಿತ್ರದ ಮೇಲೆ ಬಾಣ ಹಾಕಿ ಹೆಸರು ಬರೆಸಿ: ಕೊಕ್ಕು, ರೆಕ್ಕೆ, ಗೂಡು, ರೆಂಬೆ. ನೋಡಿ, ಕೊಕ್ಕು, ರೆಕ್ಕೆ, ರೆಂಬೆ. ಒತ್ತಕ್ಷರ, ಸೊನ್ನೆ ಎಲ್ಲ ತಾನಾಗೇ ಬಂತು. ಒಂದು ಮರದಲ್ಲಿ ಎಷ್ಟು ಗೂಡು, ಹತ್ತು ಮರದಲ್ಲಿ ಅಂದಾಜು ಎಷ್ಟು? ಗುಣಾಕಾರ ಆಯ್ತು. ಮನೆಗೆ ಬಂದು ಎರಡೇ ಎರಡು ಸಾಲು ಬರೀಲಿ. ಮುಖ್ಯವಾದ್ದು ಮುಂದಿನದು: ನಾಲ್ಕು ದಿನ ಬಿಟ್ಟು, ಆ ಪುಸ್ತಕ ಮುಚ್ಚಿಟ್ಟು, ‘ಏನೇನ್ ನೋಡ್ದೆ, ಬರಿ ನೋಡಣ’ ಅನ್ನಿ. ನೋಡದೆ ನೆನಪಿಂದ ತೆಗೆಯೋದು, ಬಿಟ್ಟು ಬಿಟ್ಟು ಮತ್ತೆ ಮಾಡೋದು, ಇವೆರಡಕ್ಕೆ ಕಲಿಕೆಯ ಸಂಶೋಧನೆಯಲ್ಲಿ ಗಟ್ಟಿ ಪುರಾವೆ ಇದೆ. ಎಲ್ಲ ತರದ ಮಕ್ಕಳಿಗೂ ಕೆಲಸ ಮಾಡುತ್ತೆ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ನನ್ನ ಫೇವರಿಟ್ ಪಾಠ ಕೆಆರ್‌ಎಸ್. ಡ್ಯಾಂ ತುಂಬಿದರೆ 124.80 ಅಡಿ ಅಂತ ಮಂಡ್ಯದ ಪ್ರತಿ ಮಗುಗೂ ಗೊತ್ತು. ಪೇಪರಲ್ಲಿ ದಿನಾ ನೀರಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತೆ. ಒಂದು ಚಾರ್ಟ್ ಶೀಟ್ ಗೋಡೆಗೆ ಅಂಟಿಸಿ, ಜೂನ್‌ನಿಂದ ಆಗಸ್ಟ್‌ವರೆಗೆ ದಿನಾ ಒಂದು ಚುಕ್ಕೆ ಇಡಿಸಿ, ಚುಕ್ಕೆ ಸೇರಿಸಿ. ಅದು ಗ್ರಾಫ್ ಅಂತ ಅವರಿಗೆ ಗೊತ್ತಾಗೋದು ಆಮೇಲೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಹಾಗಾದರೆ ಒಂದು ದಿನದಲ್ಲಿ ಒಂದು ಟಿಎಂಸಿ ಬರಬೇಕಾದರೆ ಎಷ್ಟು ಕ್ಯೂಸೆಕ್ ಹರೀಬೇಕು? ಸುಮಾರು 11,574. ಕಾವೇರಿ ಗಲಾಟೆ ಬಂದಾಗ ಟಿವಿ ಮುಂದೆ ಕೂತು ಕೂಗಾಡೋ ದೊಡ್ಡವರಲ್ಲೂ ಎಷ್ಟೋ ಜನಕ್ಕೆ ಈ ಲೆಕ್ಕ ಗೊತ್ತಿಲ್ಲ.

ಇನ್ನೊಂದು ಮಾತು. ಮಗುವಿನ ವೇಗಕ್ಕೆ ತಕ್ಕ ಕಲಿಕೆ ಅನ್ನೋದು ದುಡ್ಡಿದ್ದವರ ಸ್ಕೂಲಲ್ಲಿ ಮಾತ್ರ ಇದೆ ಅಂದ್ಕೋಬೇಡಿ. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಸರ್ಕಾರಿ ಮೇಷ್ಟ್ರುಗಳೇ, ಆಂಧ್ರದ ಋಷಿವ್ಯಾಲಿಯ ಪದ್ಧತಿ ನೋಡಿ ಬಂದು ‘ನಲಿಕಲಿ’ ಶುರು ಮಾಡಿದರು. ಕಾರ್ಡು, ಹಾಡು, ಚಟುವಟಿಕೆ, ಕಲಿಕಾ ಏಣಿ; ಪಕ್ಕದವನು ಯಾವ ಮೆಟ್ಟಿಲಲ್ಲಿದ್ದರೂ ನೀನು ನಿನ್ನ ಮೆಟ್ಟಿಲಿಂದ ಹತ್ತು ಅನ್ನೋದು ಅದರ ಐಡಿಯಾ. ಆಮೇಲೆ ಅದು ರಾಜ್ಯದ ಎಲ್ಲ ಸರ್ಕಾರಿ ಸ್ಕೂಲ್‌ಗಳ 1ರಿಂದ 3ನೇ ಕ್ಲಾಸಿಗೆ ಬಂತು. ಎಲ್ಲ ಕಡೆ ಅದೇ ಹುಮ್ಮಸ್ಸಲ್ಲಿ ನಡೀತಿದೆ ಅಂತ ಹೇಳಲ್ಲ, ಒಳ್ಳೆ ಟೀಚರ್ ಇದ್ದ ಕಡೆ ಹೋಗಿ ನೋಡಿದರೆ ಆಸೆ ಆಗುತ್ತೆ. ಸ್ಕೂಲೇ ಸರಿ ಇಲ್ಲ ಅನ್ನಿಸಿದರೆ, ಮನೆಗೆ ಕರ್ಕೊಂಡು ಬರೋ ಮೊದಲು ಅಕ್ಕಪಕ್ಕದ ಊರಿನ ಎರಡು ಸ್ಕೂಲ್ ನೋಡ್ಕೊಂಡು ಬನ್ನಿ. ಬೇರೆ ಸ್ಕೂಲಿಗೆ ಹಾಕೋದೂ ಒಂದು ಉತ್ತರನೇ.

ಎಲ್ಲ ನೋಡಿ, ಯೋಚನೆ ಮಾಡಿ, ಇಬ್ಬರೂ ಕೂತು ಮಾತಾಡಿ, ಆಮೇಲೂ ಮನೆಪಾಠನೇ ಅನ್ನೋರಿಗೆ: ಕಾಗದಪತ್ರ ಇವತ್ತಿಂದಲೇ ಜೋಡಿಸಿಕೊಳ್ಳಿ. ಸ್ಕೂಲಿಂದ ಟಿಸಿ, ಜನನ ಪ್ರಮಾಣಪತ್ರ, ಮಗು ಮಾಡಿದ ಕೆಲಸದ ಫೈಲು, ತಾರೀಖು ಹಾಕಿ. ಪರೀಕ್ಷೆಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಿಂದ ಇದೆ. 3, 5, 8ನೇ ಕ್ಲಾಸಿಗೆ ಸಮವಾದ ಎ, ಬಿ, ಸಿ ಹಂತಗಳಿವೆ. ಹತ್ತನೇ ಕ್ಲಾಸಿಗೆ ಸಮವಾದ ಸೆಕೆಂಡರಿಗೆ 14 ವರ್ಷ ತುಂಬಿರಬೇಕು. ಐದು ವಿಷಯ ಪಾಸ್ ಆಗಬೇಕು, ಅದರಲ್ಲಿ ಪೇಂಟಿಂಗ್ ಕೂಡ ಒಂದು ವಿಷಯವಾಗಿ ತಗೋಬಹುದು. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಪುಸ್ತಕ ಯಾವ ಮಾಧ್ಯಮದಲ್ಲಿ ಸಿಗುತ್ತೆ ಅಂತ ಅವರ ವೆಬ್‌ಸೈಟಲ್ಲಿ ಮೊದಲೇ ನೋಡ್ಕೊಳಿ, ಕೊನೇ ವರ್ಷದಲ್ಲಿ ಅಲ್ಲ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯನ್ನ ಖಾಸಗಿ ಅಭ್ಯರ್ಥಿಯಾಗಿ ಬರೆಯೋ ದಾರಿಯೂ ಇದೆ, ಅದಕ್ಕೆ ವಯಸ್ಸಿನ ಷರತ್ತು ಇದೆ, ಬಿಇಒ ಆಫೀಸಲ್ಲಿ ಕೇಳಿ. ಮುಂದೆ ಪಿಯುಗೆ ಯಾವ ಕಾಲೇಜು ಅಂದ್ಕೊಂಡಿದ್ದೀರೋ ಅಲ್ಲಿಗೂ ಒಂದು ಸಲ ಹೋಗಿ, ಈ ಸರ್ಟಿಫಿಕೇಟ್‌ಗೆ ಸೀಟ್ ಕೊಡ್ತಾರಾ ಅಂತ ಬಾಯಿಬಿಟ್ಟು ಕೇಳ್ಕೊಂಡು ಬನ್ನಿ.

ಮಳವಳ್ಳಿ ಅಕ್ಕನಿಗೆ ನಾನು ಫೋನಲ್ಲಿ ಹೇಳಿದ್ದು ಇಷ್ಟೇ: ಈ ತಿಂಗಳು ಕಣ್ಣು, ಕಿವಿ ತೋರಿಸಿ. ದಿನಾ ಹತ್ತು ನಿಮಿಷ ಮಗನ ಪಕ್ಕ ಕೂತು ಜೋರಾಗಿ ಓದಿಸಿ, ಎಲ್ಲೆಲ್ಲಿ ನಿಲ್ತಾನೆ ಅಂತ ಬರೆದಿಡಿ. ಆ ಪಟ್ಟಿ ಹಿಡ್ಕೊಂಡು ಕ್ಲಾಸ್ ಮಿಸ್ ಹತ್ರ ಹೋಗಿ, ರಿಪೋರ್ಟ್ ಹಿಡ್ಕೊಂಡಲ್ಲ. ಮೂರು ತಿಂಗಳಾದ ಮೇಲೂ ಪಟ್ಟಿ ಹಾಗೇ ಇದ್ದರೆ ಮೈಸೂರಿಗೆ ಬಸ್ ಹತ್ತಿ.

ಮುಂದಿನ ವಾರ ಕೋಚಿಂಗ್ ಸೆಂಟರ್‌ಗಳ ರೀಫಂಡ್ ವಿಷಯ. ಕಟ್ಟಿದ ಫೀಸ್ ವಾಪಸ್ ಸಿಗದೆ ಇರೋರು ರಸೀದಿ ಫೋಟೋ ತೆಗೆದಿಟ್ಕೊಂಡಿರಿ, ವಾಯ್ಸ್ ನೋಟ್ ಕಳಿಸಿ. ಸಿಗೋಣ.